ಬ್ರೂಡರಿನ ಮರಿ ಸೊರಗಿದರೆ ಮೊದಲು ಎಲ್ಲಿ ನೋಡಬೇಕು

ನಾನು ಮೊದಲ ಸಲ 100 ಗಿರಿರಾಜ ಕೋಳಿಮರಿ ತಂದದ್ದು ಏಪ್ರಿಲ್ ತಿಂಗಳಲ್ಲಿ. ನಮ್ಮೂರು ಸಿಂಧನೂರಿನ ಹತ್ತಿರ. ಮೊದಲ ವಾರ ಬಲ್ಬ್ ಆರಿಸಲೇಬಾರದು ಅಂತ ಎಲ್ಲೋ ಓದಿದ್ದೆ. ಹಾಗಾಗಿ ತಗಡಿನ ಶೆಡ್ಡಿನಲ್ಲಿ 200 ವ್ಯಾಟಿನ ಬಲ್ಬ್ ಹಗಲೂ ರಾತ್ರಿ ಉರಿಯುತ್ತಿತ್ತು. ಮೂರನೇ ದಿನ ಮಧ್ಯಾಹ್ನ ಮರಿಗಳು ರೆಕ್ಕೆ ಇಳಿಬಿಟ್ಟು, ಬಾಯಿ ತೆರೆದು ನಿಂತವು. ರೋಗ ಬಂತು ಅಂದುಕೊಂಡೆ. ಪೇಟೆಗೆ ಓಡಿ ಆಂಟಿಬಯಾಟಿಕ್ ಪುಡಿ ತಂದು ನೀರಿಗೆ ಬೆರೆಸಿದೆ. ಸಂಜೆಯೊಳಗೆ 11 ಮರಿ ಹೋದವು. ಹೊಲದಿಂದ ಬಂದ ಅವ್ವ ಶೆಡ್ಡಿನೊಳಗೆ ಕಾಲಿಟ್ಟವಳೇ ಸೆರಗಿನಿಂದ ಮುಖ ಒರೆಸಿಕೊಂಡಳು. "ಮರಿ ಸಾಕಾಕ ಹತ್ತೀಯೋ, ಸುಡಾಕ ಹತ್ತೀಯೋ?" ಅಂದಳು. ಬಲ್ಬ್ ಆರಿಸಿ, ಕಿಟಕಿಗೆ ಒದ್ದೆ ಗೋಣಿ ತಟ್ಟು ಕಟ್ಟಿದೆವು. ಮರುದಿನ ಒಂದೂ ಸಾಯಲಿಲ್ಲ.

ಅಲ್ಲಿಂದೀಚೆಗೆ ಮರಿ ಸೊರಗಿದರೆ ನಾನು ಮೊದಲು ಬ್ರೂಡರನ್ನು, ಅಂದರೆ ಮರಿಗಳನ್ನು ಕಾವು ಕೊಟ್ಟು ಸಾಕುವ ಜಾಗವನ್ನು ಅನುಮಾನಿಸುತ್ತೇನೆ, ಆಮೇಲೆ ರೋಗವನ್ನು. ಕಾವು, ನೀರು, ನೆಲಕ್ಕೆ ಹಾಸಿದ ಹೊಟ್ಟು, ಗಾಳಿ ಈ ನಾಲ್ಕನ್ನು ನೋಡಲು ಕಾಸು ಬೇಕಿಲ್ಲ. ಈ ಬರಹದ ಕ್ರಮವೂ ಅದೇ. ಕಣ್ಣಿಗೆ ಬಿದ್ದ ಲಕ್ಷಣ ಹುಡುಕಿ, ಅಲ್ಲಿಂದ ಓದಿ. ಯಾವ ಲಕ್ಷಣವಾದರೂ ಮುಂದಿನ ಭಾಗವನ್ನು ಮಾತ್ರ ಬಿಡಬೇಡಿ.

ಮೊದಲು ಹತ್ತು ನಿಮಿಷ ಸುಮ್ನೆ ಕೂತು ನೋಡಿ

ಶೆಡ್ಡಿನ ಮೂಲೆಯಲ್ಲಿ ಅಲುಗಾಡದೆ ಕೂತುಕೊಳ್ಳಿ. ಮನುಷ್ಯರನ್ನು ಕಂಡಾಗ ಸೊರಗಿದ ಮರಿಯೂ ಒಂದು ಕ್ಷಣ ಚುರುಕಾಗುತ್ತದೆ. ನೀವು ಅಲ್ಲಿದ್ದೀರಿ ಅನ್ನೋದನ್ನು ಅವು ಮರೆಯಬೇಕು. ಮರಿಗಳು ಎಲ್ಲೆಡೆ ಹರಡಿಕೊಂಡು, ಕೆಲವು ತಿನ್ನುತ್ತಾ, ಕೆಲವು ಮಲಗಿ, ಸಣ್ಣ ದನಿಯಲ್ಲಿ ಮಾತಾಡಿಕೊಂಡಿದ್ದರೆ ಬ್ರೂಡರ್ ಸರಿಯಾಗಿದೆ. ಹಾಗಿದ್ದಾಗ ಸೊರಗಿರುವುದು ಒಂದೋ ಎರಡೋ ಆದರೆ ತೊಂದರೆ ಆ ಮರಿಗಳದ್ದು. ಮುಕ್ಕಾಲು ಪಾಲು ಒಂದೇ ರೀತಿ ವಿಚಿತ್ರವಾಗಿ ನಡೆದುಕೊಂಡರೆ ತೊಂದರೆ ಬಹುಪಾಲು ಬ್ರೂಡರಿನದ್ದು.

ಆಮೇಲೆ ನಾಲ್ಕೈದು ಮರಿಗಳನ್ನು ಕೈಗೆತ್ತಿಕೊಳ್ಳಿ. ಕಾಲನ್ನು ನಿಮ್ಮ ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಮರಿಗೆ ಚಳಿಯಾಗಿದೆ. ಕತ್ತಿನ ಬುಡದಲ್ಲಿರುವ ಮೇವಿನ ಚೀಲವನ್ನು ಎರಡು ಬೆರಳಲ್ಲಿ ಮೆತ್ತಗೆ ಮುಟ್ಟಿ. ನೆನೆದ ಅನ್ನದಂತೆ ಮೆದುವಾಗಿದ್ದರೆ ತಿಂದು ನೀರೂ ಕುಡಿದಿದೆ. ಗಟ್ಟಿ ಕಾಳಿನಂತೆ ಇದ್ದರೆ ತಿಂದಿದೆ, ನೀರು ಸಿಕ್ಕಿಲ್ಲ. ಬರೀ ನೀರಿನ ಬಲೂನಿನಂತಿದ್ದರೆ ಮೇವು ಸಿಕ್ಕಿಲ್ಲ. ಖಾಲಿ ಇದ್ದರೆ ಎರಡೂ ಸಿಕ್ಕಿಲ್ಲ. ಮರಿ ತಂದ ಮರುದಿನ ಈ ಪರೀಕ್ಷೆ ಮಾಡಿದರೆ ಅರ್ಧ ತೊಂದರೆ ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಮೊಣಕಾಲೂರಿ ಮೂಗನ್ನು ಮರಿಯ ಎತ್ತರಕ್ಕೆ ತನ್ನಿ. ನಿಂತಾಗ ಬಾರದ ವಾಸನೆ ಅಲ್ಲಿ ಬರುತ್ತದೆ. ಅವು ಉಸಿರಾಡುವುದು ಅಲ್ಲೇ ಅಲ್ವಾ?

ಎಲ್ಲವೂ ಬಲ್ಬಿನ ಕೆಳಗೆ ಒತ್ತಿಕೊಂಡು ಜೋರಾಗಿ ಚೀರುತ್ತಿವೆ

ಇದು ಚಳಿ. ಮೊದಲ ವಾರ ಮರಿಯ ಬೆನ್ನಿನ ಎತ್ತರದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್ ಇರಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಇಳಿಸುತ್ತಾ ಹೋಗಬೇಕು. ಗೋಡೆಗೆ ನೇತುಹಾಕುವ ಥರ್ಮಾಮೀಟರನ್ನೇ ತಂದು ಹೊಟ್ಟಿನಿಂದ ಎರಡು ಇಂಚು ಮೇಲೆ ಇಟ್ಟು ನೋಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ.

ಬಲ್ಬ್ ಉರಿಯುತ್ತಿದೆ, ಆದರೂ ಚಳಿಯೇ? ಹಾಗಾದರೆ ಅದು ಯಾವ ಬಲ್ಬ್ ಅಂತ ನೋಡಿ. ಹಳೆಯದು ಸುಟ್ಟುಹೋಯಿತು ಅಂತ ಎಲ್‌ಇಡಿ ಬಲ್ಬ್ ಹಾಕಿದವರನ್ನು ನಾನೇ ಮೂರು ಜನ ನೋಡಿದ್ದೇನೆ. ಎಲ್‌ಇಡಿ ಬೆಳಕು ಕೊಡುತ್ತದೆ, ಮರಿಗೆ ಸಾಲುವ ಕಾವು ಕೊಡುವುದಿಲ್ಲ. ತಂತಿ ಕಾಯುವ ಹಳೇ ಬಲ್ಬೇ ಬೇಕು. ಒಂದು ಮರಿಗೆ 2 ವ್ಯಾಟ್ ಅಂತ ಲೆಕ್ಕ ಹಾಕಿ. 100 ಮರಿಗೆ ಒಂದೇ 200 ವ್ಯಾಟ್ ಬಲ್ಬಿಗಿಂತ 100ರದ್ದು ಎರಡು ಒಳ್ಳೆಯದು. ಒಂದು ಹೋದರೆ ಇನ್ನೊಂದಾದರೂ ಇರುತ್ತದೆ.

ಮರಿಗಳು ಬಲ್ಬಿನ ಕೆಳಗೂ ಇಲ್ಲದೆ ಒಂದೇ ಪಕ್ಕಕ್ಕೆ ಗುಂಪಾಗಿದ್ದರೆ ಎದುರಿನ ಪಕ್ಕದಿಂದ ಗಾಳಿ ಬೀಸುತ್ತಿದೆ. ಊದಿನಕಡ್ಡಿ ಹಚ್ಚಿ ನೆಲದ ಹತ್ತಿರ ಹಿಡಿಯಿರಿ. ಹೊಗೆ ಯಾವ ಕಡೆಗೆ ಓಡುತ್ತದೋ ನೋಡಿ, ಅದರ ಎದುರಿನ ಸಂದಿ ಮುಚ್ಚಿ.

ಇನ್ನು ಕರೆಂಟು. ಶಕ್ತಿನಗರದಲ್ಲಿ, ಕುಡಿತಿನಿಯಲ್ಲಿ ಕರೆಂಟು ಹುಟ್ಟುತ್ತದೆ, ನಮ್ಮೂರಲ್ಲಿ ನಾಲ್ಕು ಹನಿ ಬಿದ್ದರೆ ಹೋಗುತ್ತದೆ. ಡಿಸೆಂಬರ್, ಜನವರಿಯ ಬೆಳಗಿನ ಜಾವ ಎರಡು ತಾಸು ಕರೆಂಟಿಲ್ಲದಿದ್ದರೆ ಮರಿಗಳು ಒಂದರ ಮೇಲೊಂದು ಬಿದ್ದು, ಕೆಳಗಿನವು ಉಸಿರುಗಟ್ಟಿ ಸಾಯುತ್ತವೆ. ಅಂಥ ಹೊತ್ತಿಗೆ ಬಿಸಿನೀರು ತುಂಬಿದ ಕ್ಯಾನಿಗೆ ಬಟ್ಟೆ ಸುತ್ತಿ ಮರಿಗಳ ನಡುವೆ ಇಡಿ. ಇದ್ದಿಲ ಒಲೆ ಇಡುವ ರೂಢಿಯೂ ನಮ್ಮ ಕಡೆ ಇದೆ. ಇಡುವುದಾದರೆ ಸುತ್ತ ತಗಡು ಕಟ್ಟಿ, ಮೇಲೆ ಗಾಳಿ ಹೋಗುವಷ್ಟು ಕಿಟಕಿ ತೆರೆದಿರಬೇಕು. ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತದೆ. ಮರಿಗಳನ್ನಷ್ಟೇ ಅಲ್ಲ, ಅಲ್ಲೇ ಕಾವಲು ಮಲಗಿದವರನ್ನೂ ಅದು ಕೊಲ್ಲುತ್ತದೆ. ಇದ್ದಿಲಿಟ್ಟ ಕೋಣೆಯಲ್ಲಿ ಯಾರೂ ಮಲಗಬೇಡಿ.

ಇನ್ನೊಂದು ಎಚ್ಚರಿಕೆ. ಬಲ್ಬನ್ನು ಕರೆಂಟಿನ ವೈರಿನಲ್ಲೇ ನೇತುಹಾಕಬೇಡಿ. ಬೇರೆ ಸರಪಳಿಯಿಂದಲೋ ಕಬ್ಬಿಣದ ತಂತಿಯಿಂದಲೋ ಕಟ್ಟಿ. ಒಣ ಹೊಟ್ಟಿನ ಮೇಲೆ ಬಿಸಿ ಬಲ್ಬ್ ಬಿದ್ದರೆ ಶೆಡ್ಡೇ ಉಳಿಯುವುದಿಲ್ಲ.

ಬಲ್ಬಿನಿಂದ ದೂರ, ಸುತ್ತ ಕಟ್ಟಿದ ತಗಡಿಗೆ ಅಂಟಿಕೊಂಡು, ಬಾಯಿ ತೆರೆದು ನಿಂತಿವೆ

ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಮಾರ್ಚ್‌ನಿಂದ ಜೂನ್‌ವರೆಗೆ ಮರಿ ಸಾಯಲು ಮೊದಲ ಕಾರಣ ಇದೇ ಅಂತ ನನ್ನ ಅನುಭವ. ಬ್ರೂಡರ್ ಪುಸ್ತಕಗಳಲ್ಲಿ ಬಹಳಷ್ಟು ತಂಪು ನಾಡಿನವರಿಗೆ ಬರೆದವು. ಅವರಿಗೆ ಚಳಿಯದ್ದೇ ಚಿಂತೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಹೊರಗೇ 42 ಡಿಗ್ರಿ ಇರುತ್ತದೆ. ಮರಿಗೆ ಬೇಕಾದದ್ದು 35. ಹಾಗಿರುವಾಗ ಬಲ್ಬ್ ಯಾತಕ್ಕೆ?

ಮೊದಲು ಬಲ್ಬ್ ಆರಿಸಿ. ಅರ್ಧ ತಾಸು ನೋಡಿ. ಮರಿಗಳು ಬಾಯಿ ಮುಚ್ಚಿ ಒಳಗೆ ಹರಡಿಕೊಂಡರೆ ದೋಷ ಸಿಕ್ಕಿತು. ಬೇಸಿಗೆಯಲ್ಲಿ ನಾನು ಬೆಳಿಗ್ಗೆ ಒಂಬತ್ತಕ್ಕೆ ಆರಿಸಿ, ರಾತ್ರಿ ಥರ್ಮಾಮೀಟರ್ 32ಕ್ಕಿಂತ ಕೆಳಗಿಳಿದಾಗ ಮಾತ್ರ ಹಾಕುತ್ತೇನೆ. ರಾತ್ರಿ ಪೂರ್ತಿ ಆರಿಸಿಬಿಡುವುದೂ ತಪ್ಪೇ. ಮೊದಲ ವಾರದ ಮರಿಗೆ ನಮ್ಮ ಬೇಸಿಗೆಯ ಬೆಳಗಿನ ಜಾವವೂ ಸ್ವಲ್ಪ ತಣ್ಣಗೆ ಅನ್ನಿಸುತ್ತದೆ.

ಆರಿಸಿದ ಮೇಲೂ ಏದುಸಿರು ನಿಲ್ಲದಿದ್ದರೆ ನೀರು ಮುಟ್ಟಿ ನೋಡಿ. ಮಾಳಿಗೆ ಮೇಲಿನ ಕಪ್ಪು ಟ್ಯಾಂಕಿನ ನೀರು ಮಧ್ಯಾಹ್ನ ಕೈಗೆ ಸುಡುತ್ತದೆ. ಮರಿ ಅದನ್ನು ಕುಡಿಯುವುದಿಲ್ಲ. ಕೊಕ್ಕು ಅದ್ದಿ ಹಿಂದೆ ಸರಿಯುತ್ತದೆ. ಡಬ್ಬಿಯಲ್ಲಿ ನೀರಿದೆಯಲ್ಲ ಅಂತ ನಾವು ಸಮಾಧಾನವಾಗಿರುತ್ತೇವೆ. ಮಣ್ಣಿನ ಮಡಕೆಯ ನೀರು ಹಾಕಿ, ಎರಡು ತಾಸಿಗೊಮ್ಮೆ ಬದಲಿಸಿ. ಐಸ್ ಹಾಕಬೇಕಿಲ್ಲ. ಬೋರ್‌ವೆಲ್ ನೀರು ಬಾಯಿಗೆ ಉಪ್ಪುಪ್ಪಾಗಿದ್ದರೆ ಮರಿಗೂ ಬೇಡ. ಊರಿನ ಶುದ್ಧ ನೀರಿನ ಘಟಕದ ಒಂದು ಕ್ಯಾನ್ 100 ಮರಿಗೆ ಮೊದಲ ವಾರ ದಿನಕ್ಕೆ ಸಾಕಾಗಿ ಮಿಗುತ್ತದೆ.

ನಂತರ ಶೆಡ್. ತಗಡಿನ ಚಾವಣಿಯ ಮೇಲೆ ಸುಣ್ಣ ಬಳಿಯಿರಿ, ಇಲ್ಲವೇ ಭತ್ತದ ಹುಲ್ಲು ಹರಡಿ ಮಧ್ಯಾಹ್ನ ನೀರು ಚಿಮುಕಿಸಿ. ಕಿಟಕಿಗೆ ಒದ್ದೆ ಗೋಣಿ ತಟ್ಟು ಕಟ್ಟಿ. ನಮ್ಮದು ಒಣ ಗಾಳಿ, ಆದ್ದರಿಂದ ಒದ್ದೆ ತಟ್ಟು ಚೆನ್ನಾಗಿ ಕೆಲಸ ಮಾಡುತ್ತದೆ. ಗಾಳಿ ಆಡಲು ಜಾಗವಿರಲಿ, ಕಿಟಕಿ ಪೂರ್ತಿ ಮುಚ್ಚಿದರೆ ಒಳಗೆ ಹಬೆ ತುಂಬಿ ಇನ್ನೂ ಕಷ್ಟ. ಹೊಟ್ಟು ಒದ್ದೆಯಾಗಬಾರದು. ಮರಿಯ ಮೇಲೆ ತಣ್ಣೀರು ಸುರಿಯಬಾರದು. ಮೇವನ್ನು ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಹಾಕಿ, ನಡುಮಧ್ಯಾಹ್ನ ತೆಗೆದಿಡಿ. ತಿಂದದ್ದು ಅರಗುವಾಗಲೂ ಮೈ ಬಿಸಿಯಾಗುತ್ತದೆ.

ಇಷ್ಟು ಮಾಡಿ, ಸಂಜೆ ತಂಪಾದ ಮೇಲೂ ಬಾಯಿ ತೆರೆದೇ ಇದ್ದರೆ ಅದು ಬಿಸಿಲಿನ ತೊಂದರೆಯಲ್ಲ. ಕೆಳಗಿನ ಉಸಿರಾಟದ ಭಾಗಕ್ಕೆ ಹೋಗಿ.

ತಂದ ದಿನವೇ ಕಣ್ಣು ಮುಚ್ಚಿ ತೂಕಡಿಸುತ್ತಿವೆ

ಮೊಟ್ಟೆಯಿಂದ ಹೊರಬಂದ ಮರಿಯ ಹೊಟ್ಟೆಯಲ್ಲಿ ಉಳಿದ ಹಳದಿ ಭಾಗ ಅದಕ್ಕೆ ಎರಡು ಮೂರು ದಿನದ ಬುತ್ತಿ. ಅದಕ್ಕೇ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ಬೆಂಗಳೂರಿನಿಂದಲೋ ಹೈದರಾಬಾದಿನಿಂದಲೋ ಬಸ್ಸಿನಲ್ಲಿ ಕಳಿಸಲು ಆಗುತ್ತದೆ. ಆದರೆ ಬಸ್ಸಿನ ಸೆಕೆಯಲ್ಲಿ ಮೈಯ ನೀರು ಆರಿರುತ್ತದೆ. ಕಾಲಿನ ಚರ್ಮ ಒಣಗಿ ಸುಕ್ಕಾಗಿದ್ದರೆ, ಕಾಲಿನ ನರ ಎದ್ದು ಕಂಡರೆ ಇದೇ ಕಾರಣ.

ಮೇವಿಗಿಂತ ಮೊದಲು ನೀರು. ಒಂದು ಲೀಟರಿಗೆ ಸಣ್ಣ ನಿಂಬೆಹಣ್ಣಿನಷ್ಟು ಬೆಲ್ಲ ಕರಗಿಸಿ, ಪ್ರತಿ ಮರಿಯ ಕೊಕ್ಕನ್ನೂ ಒಮ್ಮೆ ಅದ್ದಿ ಬಿಡಿ. 100 ಮರಿಗೆ ಅರ್ಧ ತಾಸಿನ ಕೆಲಸ, ಬೇಸರ ಮಾಡಿಕೊಳ್ಳಬೇಡಿ. ಎರಡು ಮೂರು ತಾಸಿನ ನಂತರ ಬೆಲ್ಲದ ನೀರು ತೆಗೆದು ಬರೀ ನೀರಿಡಿ. ಒಳ್ಳೆಯದು ಅಂತ ಎರಡು ದಿನ ಬೆಲ್ಲದ ನೀರೇ ಕೊಟ್ಟರೆ ಹಿಕ್ಕೆ ತೆಳುವಾಗುತ್ತದೆ, ನೀರು ಹುಳಿಯುತ್ತದೆ, ಇರುವೆ ಮುತ್ತುತ್ತದೆ. ನೀರಿನ ತಟ್ಟೆಯಲ್ಲಿ ನಾಲ್ಕು ಬೆಣಚುಕಲ್ಲು ಹಾಕಿಡಿ, ಸುಸ್ತಾದ ಮರಿ ಅರ್ಧ ಇಂಚು ನೀರಿನಲ್ಲೂ ಮುಳುಗುತ್ತದೆ.

ನೀರು ಕುಡಿದ ನಾಲ್ಕು ತಾಸಿನಲ್ಲಿ ಬಹುಪಾಲು ಮರಿಗಳು ಎದ್ದು ಓಡಾಡುತ್ತವೆ.

ಬಾಲದ ಕೆಳಗೆ ಹಿಕ್ಕೆ ಅಂಟಿ ಗಟ್ಟಿಯಾಗಿದೆ

ಮೊದಲ ವಾರದಲ್ಲಿ ತುಂಬಾ ಸಾಮಾನ್ಯ. ಪ್ರಯಾಣದ ದಣಿವು, ಕಾವು ಜಾಸ್ತಿ ಅಥವಾ ಕಡಿಮೆ ಆಗಿದ್ದು, ನೀರು ಸಾಲದಿದ್ದು, ಹೆಚ್ಚಾಗಿ ಇವೇ ಕಾರಣ. ಆದರೆ ಬಿಟ್ಟರೆ ಹಿಕ್ಕೆ ಹೊರಬರಲಾಗದೆ ಮರಿ ಸಾಯುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ, ಅಂಟಿದ್ದು ನೆನೆಯುವ ತನಕ ಒತ್ತಿ ಹಿಡಿಯಿರಿ. ಒಣಗಿದ್ದನ್ನು ಕಿತ್ತರೆ ಚರ್ಮವೂ ಬರುತ್ತದೆ. ಒರೆಸಿ ಒಣಗಿಸಿ, ಚೂರು ಕೊಬ್ಬರಿ ಎಣ್ಣೆ ಸವರಿ, ಮೈ ಆರಿದ ಮೇಲೆ ಗುಂಪಿಗೆ ಬಿಡಿ.

ಹೊಸಬರು ಒಂದು ತಪ್ಪು ಮಾಡುತ್ತಾರೆ. ಹೊಟ್ಟೆಯ ಕೆಳಗೆ ಒಣಗಿದ ಕಪ್ಪು ಚುಕ್ಕೆಯೊಂದು ಇರುತ್ತದೆ. ಅದು ಹೊಕ್ಕಳು, ಹಿಕ್ಕೆಯಲ್ಲ. ಅದನ್ನು ಎಳೆದರೆ ಕರುಳೇ ಹೊರಬರಬಹುದು. ಬಾಲಕ್ಕೆ ಅಂಟಿದಂತೆ ಇರುವ ಜಾಗವನ್ನಷ್ಟೇ ತೊಳೆಯಿರಿ.

ಎರಡು ಮೂರು ಮರಿಗೆ ಹೀಗಾದರೆ ಚಿಂತೆಯಿಲ್ಲ. ಹಿಕ್ಕೆ ಸುಣ್ಣದಂತೆ ಬೆಳ್ಳಗಿದ್ದು, ಮರಿಗಳು ಗರಿ ಕೆದರಿ ನಿಂತು, ಹಿಕ್ಕೆ ಹಾಕುವಾಗ ಚೀರುತ್ತಾ, ದಿನವೂ ಸಾಯುತ್ತಿದ್ದರೆ ಅದು ಸಾಲ್ಮೊನೆಲ್ಲಾ ಜಾತಿಯ ಬ್ಯಾಕ್ಟೀರಿಯಾದಿಂದ ಬರುವ ಪುಲ್ಲೋರಂ ರೋಗ ಇರಬಹುದು. ತಾಯಿಕೋಳಿಯಿಂದ ಮೊಟ್ಟೆಯ ಮೂಲಕವೇ ಬರುವ ರೋಗ. ಮನೆಮದ್ದಿನ ಕೆಲಸ ಅಲ್ಲ, ಸತ್ತ ಮರಿಯನ್ನು ಪಶು ಆಸ್ಪತ್ರೆಗೆ ಒಯ್ಯಿರಿ. ಬದುಕುಳಿದ ಮರಿಗಳು ನೋಡಲು ಚೆನ್ನಾಗಿದ್ದರೂ ರೋಗ ಹೊತ್ತುಕೊಂಡಿರುತ್ತವೆ. ಅವುಗಳ ಮೊಟ್ಟೆಯನ್ನು ಮರಿ ಮಾಡಿಸಲು ಇಡಬೇಡಿ.

ಹೊಕ್ಕಳು ಒದ್ದೆ, ಹೊಟ್ಟೆ ಉಬ್ಬಿದೆ, ಕೆಟ್ಟ ವಾಸನೆ

ಮೊಟ್ಟೆ ಒಡೆಯುವ ಹೊತ್ತಿಗೇ ಸೋಂಕು ಹತ್ತಿದೆ. ಕೊಳಕು ಮೊಟ್ಟೆ, ಕೊಳಕು ಇನ್‌ಕ್ಯುಬೇಟರ್, ಅಥವಾ ಅಲ್ಲಿನ ತೇವ ಹೆಚ್ಚುಕಡಿಮೆ ಆದದ್ದು ಕಾರಣ. ಇಂಥ ಮರಿ ಉಳಿಯುವುದು ಅಪರೂಪ. ಬೇರೆ ಮಾಡಿ. ತಂದ ಐದು ದಿನದಲ್ಲಿ ಇಂಥವೇ ಹತ್ತಾರು ಸತ್ತರೆ ನಿಮ್ಮ ಬ್ರೂಡರನ್ನು ಬೈದುಕೊಳ್ಳಬೇಡಿ, ಮರಿ ಕೊಟ್ಟವರಿಗೆ ಫೋಟೋ ಸಮೇತ ತಿಳಿಸಿ.

ಕಾಲು ಸರಿಯಿಲ್ಲ

ಕಾಲಿನ ತೊಂದರೆಗಳು ಒಂದೇ ಥರ ಕಂಡರೂ ಬೇರೆ ಬೇರೆ. ಮೊದಲ ಮೂರು ದಿನದಲ್ಲಿ ಎರಡೂ ಕಾಲು ಪಕ್ಕಕ್ಕೆ ಜಾರಿ ಮರಿ ಕಪ್ಪೆಯಂತೆ ಮಲಗಿದ್ದರೆ ನೆಲ ನೋಡಿ. ಬರೀ ನ್ಯೂಸ್‌ಪೇಪರ್ ಹಾಸಿದ್ದೀರಾ? ಅದು ಜಾರುತ್ತದೆ. ಮೇಲೆ ಗೋಣಿ ತಟ್ಟು ಹಾಸಿ. ಎರಡು ಕಾಲನ್ನೂ ಮಾಮೂಲಿಯಾಗಿ ನಿಲ್ಲುವಷ್ಟು ಅಂತರ ಬಿಟ್ಟು ಬ್ಯಾಂಡೇಜ್ ಪಟ್ಟಿಯಿಂದ ಬೇಡಿ ಹಾಕಿದಂತೆ ಕಟ್ಟಿ. ದಿನಾ ಬಿಚ್ಚಿ ನೋಡಿ. ಮೂರ್ನಾಲ್ಕು ದಿನದಲ್ಲಿ ಸರಿಹೋಗುತ್ತದೆ. ವಾರ ಕಳೆದ ಮೇಲೆ ಕಟ್ಟಿದರೆ ಪ್ರಯೋಜನ ಕಡಿಮೆ. ದಾರದಿಂದ ಕಟ್ಟಬೇಡಿ, ಚರ್ಮ ಕೊಯ್ಯುತ್ತದೆ.

ಹತ್ತು ದಿನ ದಾಟಿದ ಮರಿಯ ಬೆರಳುಗಳು ಮುಷ್ಟಿಯಂತೆ ಒಳಗೆ ಮಡಚಿಕೊಂಡು, ಅದು ಮಂಡಿಯ ಮೇಲೆ ನಡೆಯುತ್ತಿದ್ದರೆ ಬಿ-2 ವಿಟಮಿನ್ ಕೊರತೆ. ನಮ್ಮ ಕಡೆ ಇದು ಜಾಸ್ತಿ. ಮನೆಯಲ್ಲಿ ಮೆಕ್ಕೆಜೋಳ, ಸಜ್ಜೆ, ನುಚ್ಚು ಇದೆ, ಫೀಡ್ ಯಾಕೆ ಕೊಳ್ಳಬೇಕು ಅಂತ ಬರೀ ಕಾಳೇ ಹಾಕುತ್ತೇವೆ. ಮೊದಲ ದಿನ ನುಚ್ಚು ಪರವಾಗಿಲ್ಲ. ಆಮೇಲೆ ಚಿಕ್ ಸ್ಟಾರ್ಟರ್ ಅನ್ನುವ ಮರಿಗಳ ಫೀಡ್ ಬೇಕೇ ಬೇಕು. ಬಿ-ಕಾಂಪ್ಲೆಕ್ಸ್ ದ್ರಾವಣವನ್ನು ಬಾಟಲಿಯ ಮೇಲಿನ ಅಳತೆಯಂತೆ ನೀರಿಗೆ ಹಾಕಿ. ಬೇಗ ಶುರುಮಾಡಿದರೆ ಮರಿ ಎದ್ದು ನಿಲ್ಲುತ್ತದೆ.

ಒಂದೇ ಕಾಲು ಕುಂಟಿ, ಮುಟ್ಟಿದರೆ ಬಿಸಿಯಾಗಿ ಊದಿದ್ದರೆ ಪೆಟ್ಟು ಅಥವಾ ಸೋಂಕು. ಬೇರೆ ಮಾಡಿ ಡಾಕ್ಟರಿಗೆ ತೋರಿಸಿ.

ಉಸಿರಾಡಲು ಒದ್ದಾಡುತ್ತಿವೆ

ಸೆಕೆಯ ಏದುಸಿರು ಅಲ್ಲ ಅಂತ ಮೇಲೆ ಖಚಿತ ಮಾಡಿಕೊಂಡಿರಿ ಅಂದುಕೊಳ್ಳೋಣ. ಮುಂದಿನದು ಮೂಗಿನ ಪರೀಕ್ಷೆ. ಮೊಣಕಾಲೂರಿದಾಗ ಕಣ್ಣು ಚುರುಗುಟ್ಟಿದರೆ ಅಮೋನಿಯಾ ತುಂಬಿದೆ. ಹಿಕ್ಕೆಯೂ ಚೆಲ್ಲಿದ ನೀರೂ ಸೇರಿ ಹೊಟ್ಟು ಕೊಳೆತಿದೆ. ಮರಿಗಳ ಕಣ್ಣಲ್ಲೂ ನೀರು, ಕೆಲವು ಕಣ್ಣು ಬಿಡುವುದೇ ಇಲ್ಲ. ಒದ್ದೆ ಹೊಟ್ಟು ತೆಗೆದು ಹೊಸದು ಹಾಕಿ, ಮೇಲಿನ ಕಿಟಕಿ ತೆರೆಯಿರಿ, ನೀರಿನ ಡಬ್ಬಿಯನ್ನು ಮರಿಯ ಬೆನ್ನಿನ ಎತ್ತರಕ್ಕೆ ಇಟ್ಟಿಗೆಯ ಮೇಲಿಡಿ. ಎರಡು ದಿನದಲ್ಲಿ ಕಣ್ಣು ತಿಳಿಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ವಾಸನೆ ಇಲ್ಲ, ಆದರೂ ಮರಿ ಕತ್ತು ಮುಂದೆ ಚಾಚಿ, ಸದ್ದಿಲ್ಲದೆ ಬಾಯಿ ತೆರೆದು ಮುಚ್ಚುತ್ತಿದೆ. ಹಾಗಾದರೆ ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ನೋಡಿ. ಗಂಗಾವತಿ, ಕಾರಟಗಿ, ಸಿಂಧನೂರು ಅಂದರೆ ಭತ್ತ. ಅಕ್ಕಿ ಗಿರಣಿಯ ಹಿಂದೆ ಹೊಟ್ಟಿನ ಗುಡ್ಡೆಯೇ ಇರುತ್ತದೆ. ಅಗ್ಗ, ಹತ್ತಿರ. ಆದರೆ ಮಳೆಯಲ್ಲಿ ನೆಂದ ಗುಡ್ಡೆಯ ಒಳಗೆ ಬೂಷ್ಟು ಬೆಳೆದಿರುತ್ತದೆ. ಹೊಟ್ಟು ಗಂಟುಗಂಟಾಗಿದ್ದರೆ, ಮುಗ್ಗಿದ ವಾಸನೆ ಬಂದರೆ, ಕೊಡವಿದಾಗ ಬೂದಿಯಂಥ ಧೂಳು ಎದ್ದರೆ ಅದೇ ಕಾರಣ. ಆ ಬೂಷ್ಟಿನ ಕಣ ಮರಿಯ ಶ್ವಾಸಕೋಶದಲ್ಲಿ ಕೂತು ಬೆಳೆಯುತ್ತದೆ. ಇದಕ್ಕೆ ಬ್ರೂಡರ್ ನ್ಯುಮೋನಿಯಾ ಅಂತಲೇ ಹೆಸರು. ಅಂಟಿದ ಮರಿಗೆ ಸರಿಯಾದ ಮದ್ದಿಲ್ಲ. ಆಂಟಿಬಯಾಟಿಕ್ ಬೂಷ್ಟಿನ ಮೇಲೆ ಕೆಲಸ ಮಾಡುವುದಿಲ್ಲ. ಉಳಿದವನ್ನು ಉಳಿಸಬಹುದು, ಮರಿಗಳನ್ನು ಬೇರೆ ಕಡೆ ಸಾಗಿಸಿ ಹೊಟ್ಟು ಪೂರ್ತಿ ಬದಲಿಸಿ. ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಅಸ್ತಮಾ ಇದ್ದವರು ಆ ಕೆಲಸ ಮಾಡಲೇಬೇಡಿ. ಹೊಸ ಹೊಟ್ಟನ್ನು ಎರಡು ದಿನ ಬಿಸಿಲಿಗೆ ಹರಡಿಯೇ ಬಳಸಿ. ಬಿಸಿಲಿಗೇನು ನಮ್ಮಲ್ಲಿ ಬರವಿಲ್ಲ.

ಬೂಷ್ಟು ಹಿಡಿದ ಶೇಂಗಾ ಹಿಂಡಿ, ಮೆಕ್ಕೆಜೋಳದ್ದು ಇನ್ನೊಂದು ಕಥೆ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಉಸಿರಿನ ತೊಂದರೆ ಇರದೆ, ಮರಿಗಳು ಬೆಳೆಯದೆ ಒಣಗುತ್ತಾ ಹೋದರೆ ಮೇವು ತುಂಬಿಟ್ಟ ಗೋಣಿಚೀಲದ ತಳ ನೋಡಿ. ಜರಡಿ ಹಿಡಿದರೂ ಹುರಿದರೂ ಆ ವಿಷ ಹೋಗುವುದಿಲ್ಲ. ಮರಿಗೆ ಬೇಡ ಅಂತ ಎಮ್ಮೆಗೆ ಹಾಕಬೇಡಿ, ಹಾಲಿಗೆ ಇಳಿದು ಮನೆಯ ಮಕ್ಕಳ ಲೋಟಕ್ಕೇ ಬರುತ್ತದೆ.

ಇನ್ನು ರಾತ್ರಿ ಬಲ್ಬ್ ಆರಿಸಿ ಕಿವಿಗೊಡಿ. ಗೊರಗೊರ ಸದ್ದು, ಸೀನು, ಮೂಗಿನಲ್ಲಿ ಸಿಂಬಳ ಇದ್ದರೆ ಸೋಂಕು. ರಾಣಿಖೇತ್ (ಕೊಕ್ಕರೆ ರೋಗ) ಲಸಿಕೆ ಹಾಕಿ ಮೂರ್ನಾಲ್ಕು ದಿನ ಆಗಿದ್ದು, ಸಣ್ಣ ಸೀನಿದ್ದು, ಮರಿಗಳು ಚೆನ್ನಾಗಿ ತಿನ್ನುತ್ತಿದ್ದರೆ ಕಾಯಿರಿ, ಅದು ಲಸಿಕೆಯ ಪರಿಣಾಮ. ಇಲ್ಲವಾದರೆ ಡಾಕ್ಟರ್. ಯಾವ ಆಂಟಿಬಯಾಟಿಕ್ ಅಂತ ಅಂಗಡಿಯವರನ್ನು ಕೇಳಬೇಡಿ. ಕೊಲಿಸ್ಟಿನ್ ಅನ್ನುವ ಔಷಧಿಯನ್ನು ಕೋಳಿಗಳಿಗೆ ಕೊಡುವುದನ್ನು ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಮನುಷ್ಯರಿಗೆ ಬೇರೆ ಯಾವುದೂ ಕೆಲಸ ಮಾಡದಾಗ ಕೊನೆಗೆ ಕೊಡುವ ಮದ್ದು ಅದು.

ಹಿಕ್ಕೆಯಲ್ಲಿ ರಕ್ತ

ಮರಿಗೆ ಮೂರು ವಾರ ಆಗಿದೆಯಾ? ಹೊಟ್ಟು ಒದ್ದೆಯಾ? ಎರಡಕ್ಕೂ ಹೌದು ಅಂದರೆ ಕಾಕ್ಸಿಡಿಯೋಸಿಸ್ ಅನ್ನುವ ಕರುಳಿನ ರೋಗ ಅಂತ ಇಟ್ಟುಕೊಂಡೇ ನಡೆಯಿರಿ. ಮೂರರಿಂದ ಆರು ವಾರದ ಮರಿಗಳಲ್ಲಿ ಜಾಸ್ತಿ. ಮರಿ ಬೆಳ್ಳಗಾಗಿ, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತದೆ. ಆಗಾಗ ಬೀಳುವ ಚಾಕೊಲೇಟ್ ಬಣ್ಣದ ಅಂಟು ಹಿಕ್ಕೆ ಮಾತ್ರ ಮಾಮೂಲಿ, ಅದಕ್ಕೆ ಹೆದರಬೇಡಿ.

ಆಂಪ್ರೋಲಿಯಂ ಪುಡಿ ಇದಕ್ಕೆ ಹಳೆಯ, ಅಗ್ಗದ, ನಂಬಬಹುದಾದ ಮದ್ದು. ಒಂದೊಂದು ಕಂಪನಿಯ ಪುಡಿಯ ಬಲ ಬೇರೆ, ಪೊಟ್ಟಣದ ಅಳತೆಯನ್ನೇ ಹಿಡಿಯಿರಿ, ಡಾಕ್ಟರನ್ನು ಒಂದು ಮಾತು ಕೇಳಿ. ಆ ನೀರನ್ನು ಬಿಟ್ಟು ಬೇರೆ ನೀರು ಇಡಬಾರದು. ಆ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ನಿಲ್ಲಿಸಿ. ರೋಗದ ಜೀವಿಗೆ ಬಿ-1 ವಿಟಮಿನ್ ಸಿಗದಂತೆ ಮಾಡಿಯೇ ಆಂಪ್ರೋಲಿಯಂ ಅದನ್ನು ಕೊಲ್ಲುವುದು. ಒಂದು ಕೈಯಲ್ಲಿ ಮದ್ದು, ಇನ್ನೊಂದು ಕೈಯಲ್ಲಿ ಬಿ-1 ಕೊಟ್ಟರೆ ಏನು ಬಂತು? ನಾನು ಒಮ್ಮೆ ಹೀಗೇ ಎರಡನ್ನೂ ಬೆರೆಸಿ, ಔಷಧಿ ಕೆಲಸ ಮಾಡಲಿಲ್ಲ ಅಂತ ನಾಲ್ಕು ದಿನ ಬೈದಿದ್ದೆ. ನೀರಿನ ಡಬ್ಬಿಯ ಸುತ್ತಲಿನ ಒದ್ದೆ ಹೊಟ್ಟನ್ನು ದಿನಾ ತೆಗೆಯದಿದ್ದರೆ ಇದು ಮತ್ತೆ ಬರುತ್ತದೆ. ಎರಡು ದಿನದಲ್ಲಿ ಸಾವು ಇಳಿಯದಿದ್ದರೆ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿ, ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುತ್ತಾರೆ.

ಇದೇ ವಯಸ್ಸಿನಲ್ಲಿ ರಕ್ತವಿಲ್ಲದ ಬಿಳಿ ನೀರು ಭೇದಿ, ನಡುಕ, ದಿಢೀರ್ ಸಾವು ಕಂಡರೆ ಗಂಬೊರೊ ಅನ್ನುವ ರೋಗ ಇರಬಹುದು. ಅದು ವೈರಸ್, ಮದ್ದಿಲ್ಲ. 14ನೇ ದಿನದ ಲಸಿಕೆಯೇ ರಕ್ಷೆ.

ಕತ್ತು ತಿರುಚಿದೆ, ಆಕಾಶ ನೋಡುತ್ತಿದೆ

ಒಂದೇ ಮರಿ, ಹಿಕ್ಕೆ ಮಾಮೂಲಿ, ಉಸಿರು ಚೆನ್ನಾಗಿದೆ ಅಂದರೆ ಬಿ-1 ಅಥವಾ ಇ ವಿಟಮಿನ್ ಕೊರತೆ ಇರಬಹುದು. ಬೇರೆ ಮಾಡಿ ವಿಟಮಿನ್ ಕೊಟ್ಟು ನೋಡಿ. ಹಲವು ಮರಿಗಳಿಗೆ ಹೀಗಾಗಿ, ಜೊತೆಗೆ ಹಸಿರು ಭೇದಿ, ಏದುಸಿರು ಇದ್ದರೆ ಅದು ರಾಣಿಖೇತ್, ಹಳ್ಳಿಯಲ್ಲಿ ಕೊಕ್ಕರೆ ರೋಗ ಅನ್ನುವುದು. ಇಲ್ಲಿಗೆ ನಿಮ್ಮ ತಪಾಸಣೆ ಮುಗಿಯಿತು, ಡಾಕ್ಟರನ್ನು ಕರೆಯಿರಿ. ರೋಗ ಬಂದ ಮೇಲೆ ಮದ್ದಿಲ್ಲ. ಮೊದಲ ಲಸಿಕೆಯನ್ನು 5ರಿಂದ 7 ದಿನದೊಳಗೆ ಕಣ್ಣಿಗೋ ಮೂಗಿಗೋ ಹನಿ ಹಾಕಬೇಕು. ಲಸಿಕೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ತರಬೇಕು. ಬೈಕಿನ ಡಿಕ್ಕಿಯಲ್ಲಿ ಬಿಸಿಲಿನಲ್ಲಿ ತಂದ ಲಸಿಕೆ ಹಾಕಿದರೂ ಒಂದೇ, ಬಿಟ್ಟರೂ ಒಂದೇ.

ಒಂದನ್ನೊಂದು ಕುಕ್ಕುತ್ತಿವೆ

ಇಕ್ಕಟ್ಟು, ಸೆಕೆ, ಕಣ್ಣು ಕುಕ್ಕುವ ಬೆಳಕು. ಒಂದು ಮರಿಗೆ ಅರ್ಧ ಚದರ ಅಡಿಯಾದರೂ ಜಾಗ ಕೊಡಿ, ಕೆಂಪು ಬಲ್ಬ್ ಹಾಕಿ. ಗಾಯವಾದದ್ದನ್ನು ಕೂಡಲೇ ತೆಗೆಯಿರಿ, ರಕ್ತ ಕಂಡರೆ ಉಳಿದವು ಬಿಡುವುದಿಲ್ಲ.

ಸಂಜೆ ಚೆನ್ನಾಗಿದ್ದವು, ಬೆಳಿಗ್ಗೆ ಸತ್ತಿವೆ

ಎಲ್ಲಿ ಸತ್ತಿವೆ ನೋಡಿ. ಮೂಲೆಯಲ್ಲಿ ರಾಶಿಯಾಗಿ ಚಪ್ಪಟೆಯಾಗಿದ್ದರೆ ಚಳಿಗೋ ಹೆದರಿಯೋ ಒತ್ತಿಕೊಂಡಿವೆ. ಮರಿಗಳ ಸುತ್ತಲಿನ ತಗಡನ್ನು ಮೂಲೆ ಇರದಂತೆ ಗುಂಡಗೆ ಕಟ್ಟಿ. ಕಾಲು, ಕತ್ತು ಕಡಿದಿದ್ದರೆ ಇಲಿ. ಎಣಿಕೆಯಲ್ಲೇ ಕಡಿಮೆಯಾಗಿದ್ದರೆ ಹಾವು, ಮುಂಗುಸಿ ಅಥವಾ ಬೆಕ್ಕು. ಕತ್ತಲಲ್ಲಿ ಹೊಟ್ಟಿಗೆ ಕೈ ಹಾಕಬೇಡಿ, ಟಾರ್ಚ್ ಹಿಡಿದು ಕೋಲಿನಿಂದ ಕೆದಕಿ. ಕೆಂಪಿರುವೆ ಮುತ್ತಿದ್ದರೆ ಇರುವೆ ಪುಡಿಯನ್ನು ಮರಿಯ ಬಾಯಿಗೆ ಸಿಗದಂತೆ ಶೆಡ್ಡಿನ ಹೊರಗೆ ಮಾತ್ರ ಹಾಕಿ.

ಮೈಮೇಲೆ ಗುರುತಿಲ್ಲ, ಹರಡಿಕೊಂಡು ಸತ್ತಿವೆ ಅಂದರೆ ಎಣಿಸಿ ಬರೆದಿಡಿ. ಮೊದಲ ವಾರ 100ಕ್ಕೆ ಎರಡು ಮೂರು ಹೋಗುವುದು ಇದ್ದದ್ದೇ.

ಸೊರಗಿದ ಮರಿಯನ್ನು ಎಲ್ಲಿಡಬೇಕು

ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಟವೆಲ್, ಒಂದು ಪಕ್ಕ ಮಾತ್ರ ಬೆಚ್ಚಗಿರುವಂತೆ 40 ವ್ಯಾಟ್ ಬಲ್ಬ್. ಸೆಕೆಯಾದರೆ ಮರಿ ಇನ್ನೊಂದು ಪಕ್ಕಕ್ಕೆ ಹೋಗಲು ಜಾಗ ಇರಲಿ. ನೀರನ್ನು ಡ್ರಾಪರಿನಿಂದ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಡಿ, ಅದೇ ನುಂಗುತ್ತದೆ. ಬಾಯಿ ತೆರೆಸಿ ಸುರಿದರೆ ಶ್ವಾಸಕ್ಕೆ ಹೋಗಿ ಸಾಯುತ್ತದೆ. ಚೆನ್ನಾಗಿರುವ ಮರಿಗಳ ಕೆಲಸ ಮೊದಲು ಮುಗಿಸಿ, ಸೊರಗಿದ್ದನ್ನು ಕೊನೆಗೆ ಮುಟ್ಟಿ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಮರಿಗೆ ಮುತ್ತು ಕೊಡುವ ಮಕ್ಕಳನ್ನು ದೂರವಿಡಿ, ಸಾಲ್ಮೊನೆಲ್ಲಾ ಮನುಷ್ಯರಿಗೂ ಬರುತ್ತದೆ. ಆ ಪೆಟ್ಟಿಗೆಯನ್ನು ಅಡುಗೆ ಮನೆಯಲ್ಲಿ ಮಾತ್ರ ಇಡಬೇಡಿ. ಅವ್ವ ಒಲೆಯ ಪಕ್ಕ ಬೆಚ್ಚಗಿರುತ್ತದೆ ಅಂತ ಅಲ್ಲೇ ಇಡುತ್ತಿದ್ದಳು. ಬಿಡಿಸಲು ನನಗೆ ಎರಡು ವರ್ಷ ಬೇಕಾಯಿತು.

ಇಲ್ಲಿಗೆ ನಿಲ್ಲಿಸಿ, ಫೋನ್ ಮಾಡಿ

ಒಂದೇ ದಿನ 100ಕ್ಕೆ ಐದಕ್ಕಿಂತ ಜಾಸ್ತಿ ಸತ್ತರೆ, ಕಾವು ನೀರು ಸರಿಪಡಿಸಿದ ಮೇಲೂ ಸಾವಿನ ಲೆಕ್ಕ ದಿನದಿನಕ್ಕೆ ಏರಿದರೆ, ಹಲವು ಮರಿಗಳ ಕತ್ತು ತಿರುಚಿದರೆ ಮನೆಯ ಪ್ರಯೋಗ ಸಾಕು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962. ಊರಿನ ಪಶು ಆಸ್ಪತ್ರೆ ಹತ್ತಿರವಿದ್ದರೆ ನೇರ ಅಲ್ಲಿಗೇ ಹೋಗಿ.

ಮರಿಗಳ ಜೊತೆ ದೊಡ್ಡ ಕೋಳಿಗಳೂ, ಊರಿನ ಕಾಗೆಗಳೂ ಸಾಯುತ್ತಿದ್ದರೆ ಸತ್ತದ್ದನ್ನು ಮುಟ್ಟಬೇಡಿ, ಕೊಯ್ದು ನೋಡಬೇಡಿ, ಉಳಿದವನ್ನು ಮಾರಬೇಡಿ. ತಕ್ಷಣ ತಿಳಿಸಿ. 2025ರ ಆರಂಭದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಹಕ್ಕಿಜ್ವರ ಬಂದದ್ದು ನೆನಪಿರಬೇಕಲ್ಲ.

ಹಕ್ಕಿಜ್ವರದ ಅನುಮಾನ ಇಲ್ಲದಿದ್ದರೆ, ಆಸ್ಪತ್ರೆಗೆ ಆಗಷ್ಟೇ ಸತ್ತ ಎರಡು ಮೂರು ಮರಿ ಒಯ್ಯಿರಿ. ನಿನ್ನೆ ಸತ್ತದ್ದು ನಮ್ಮ ಬಿಸಿಲಿಗೆ ಕೊಳೆತು ಏನೂ ಹೇಳುವುದಿಲ್ಲ. ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಐಸ್ ಇಟ್ಟ ಡಬ್ಬಿಯಲ್ಲಿಡಿ. ಫ್ರೀಜರಿನಲ್ಲಿ ಗಟ್ಟಿ ಮಾಡಬೇಡಿ. ಜೊತೆಗೆ ಒಂದು ಚೀಟಿ: ಮರಿ ಎಷ್ಟು ದಿನದ್ದು, ಎಷ್ಟು ತಂದದ್ದು, ದಿನಕ್ಕೆ ಎಷ್ಟು ಸತ್ತವು, ಯಾವ ಲಸಿಕೆ ಯಾವ ದಿನ, ಏನು ಮೇವು, ಏನು ಔಷಧಿ ಕೊಟ್ಟಿದ್ದೀರಿ. ಕೊಟ್ಟ ಔಷಧಿಯನ್ನು ಮುಚ್ಚಿಡಬೇಡಿ, ಖಾಲಿ ಪೊಟ್ಟಣವನ್ನೇ ಒಯ್ಯಿರಿ.

ಉಳಿದ ಸತ್ತ ಮರಿಗಳನ್ನು ಕಾಲುವೆಗೆ ಎಸೆಯಬೇಡಿ. ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ. ಬಾವಿ, ಬೋರ್‌ವೆಲ್‌ನಿಂದ ದೂರ ಮೂರು ಅಡಿ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದರದಂತೆ ಮೇಲೊಂದು ಬಂಡೆ ಇಡಿ.